ದಾರಿಯ ನೆರಳು

ವೈಶಾಖಮಾಸದಲ್ಲಿ ಮೋಟಾರುಸೈಕಲ್ಲಿನ ಮೇಲೆ ಊರಿಂದೂರಿಗೆ ಹೋಗುವದು ಸುಖದ ಸಂಗತಿಯೆಂದು ನಾನು ಹೇಳಿದರೆ ವಾಚಕರಲ್ಲಿ ಅನೇಕರು ನಗಬಹುದು. ನಮ್ಮ ಬೆಳ್ಳಟ್ಟಿಯ ಬಿಸಿಲನ್ನು ಬಲ್ಲವರಂತೂ ನಗುವದಕ್ಕೂ ಮೊದಲು ನನ್ನ ವಯಸ್ಸನ್ನು ಕೇಳುವರು. ವಯಸ್ಸು ೬೭. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಮುಂದೆ ಮೂವತ್ತಕ್ಕೂ ಮಿಕ್ಕ ವರ್ಷ ಹುಡುಗರಿಗೆ ಕನ್ನಡ ಸಂಸ್ಕೃತಗಳನ್ನು ಕಲಿಸಿ, ಈಗ ನಿವೃತ್ತನಾಗಿ ಕುಳಿತಿರುವೆನು. ಕುಳಿತಿರುವೆನೆಂಬುದು ಬರಿಯ ವಾಡಿಕೆಯ ಮಾತು. ನಿಜ ನೋಡಿದರೆ ನನ್ನ ನಿವೃತ್ತಿಯ ಬಹುಭಾಗವು ಗಾಡಿಯ ಮೇಲೆಯೇ ಕಳೆಯುತ್ತದೆ. ನಮ್ಮ ಹಿರಿಯರು ಈ ವಾಹನವನ್ನು ಅದರ ಸದ್ದಿನಿಂದಲೇ ಗುರುತಿಸಿ 'ಫಟಫಟಿ' ಎಂದು ಕರೆದರು. ಈಗಿನ ಗಾಡಿಗಳು ಅಷ್ಟು ಗದ್ದಲ ಮಾಡುವದಿಲ್ಲವಾದರೂ ಆ ಹೆಸರೇ ನನಗೆ ಹೆಚ್ಚು ಒಪ್ಪಿಗೆಯಾದದ್ದು.

ನನ್ನ ಮೊದಲನೆಯ ಫಟಫಟಿಯು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಯೆಜ್ಡಿ. ೧೯೬೧ರಿಂದ ಗಾಡಿಗಳನ್ನು ಕಟ್ಟುತ್ತ ಬಂದ ಆ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿಹೋಯಿತು. ಗೇರು ಬದಲಿಸುವ ಹಿಡಿಕೆಯನ್ನೇ ಮೇಲಕ್ಕೆ ತಿರುಗಿಸಿ ಒದ್ದು ಚಾಲೂ ಮಾಡುವ ಅದರ ಯುಕ್ತಿಯನ್ನು ಕಾಣಲು ಶಾಲೆಯ ಹುಡುಗರು ಗುಂಪುಗೂಡುತ್ತಿದ್ದರು. ಅದು ಹಳತಾದ ಮೇಲೆ ಕೊಂಡದ್ದು ಸಾಮಾನ್ಯವಾದ ಸಣ್ಣ ಗಾಡಿ. ಕಡಿಮೆ ಎಣ್ಣೆ ಕುಡಿಯುವದು, ಹೆಚ್ಚು ಮಾತಾಡದು.

ಈ ಗಾಡಿಯ ಮೇಲೆ ನಾನೂ ನಮ್ಮ ಮನೆಯವರೂ ಪ್ರತಿವರ್ಷ ವೈಶಾಖದಲ್ಲಿ ಲಕ್ಕುಂಡಿಗೆ ಹೋಗುವೆವು. ಅಲ್ಲಿ ನಮ್ಮ ಮನೆಯವರ ಹಿರಿಯಕ್ಕನವರು ಇರುವರು. ಎಂಬತ್ತು ದಾಟಿದ ಜೀವ. ಇನ್ನು ಬೆಳ್ಳಟ್ಟಿಗೆ ಅವರು ಬರಲಾರರು. ಮಾವಿನಹಣ್ಣಿನ ಸೀಕರಣೆಯನ್ನು ಮಾತ್ರ ಈಗಲೂ ತಾವೇ ಮಾಡಬೇಕೆಂಬ ಹಟ. ಹಣ್ಣಿನ ಕಾಲವೂ ಬಿಸಿಲಿನ ಕಾಲವೂ ಒಂದೇ ಆಗಿರುವದರಿಂದ ನಮ್ಮ ಪ್ರಯಾಣವನ್ನು ಮಾರ್ಗಶಿರಕ್ಕೆ ಮುಂದೂಡುವಂತಿಲ್ಲ. ದೂರದೂರಿನಲ್ಲಿರುವ ಮಗನು ಪ್ರತಿವರ್ಷವೂ ದೂರವಾಣಿಯಲ್ಲಿ, "ಅಪ್ಪಾ, ಈ ವಯಸ್ಸಿನ್ಯಾಗ ಬಿಸಲಾಗ ಗಾಡಿ ಬ್ಯಾಡ, ಕಾರು ಮಾಡ್ಕೊಂಡು ಹೋಗ್ರಿ, ರೊಕ್ಕ ನಾ ಕಳಸತೇನಿ" ಎನ್ನುವನು. ಅದಕ್ಕೆ ಅವನ ತಾಯಿ ಕೊಡುವ ಉತ್ತರವೂ ಪ್ರತಿವರ್ಷ ಒಂದೇ: "ಕಾರಿನ್ಯಾಗ ಕುಂತ್ರ ಗಿಡದ ಕೆಳಗ ಯಾರು ಇಳೀತಾರಪ್ಪಾ?"

ಆ ಮಾತಿನಲ್ಲಿ ನಾನು ಪುಸ್ತಕಗಳಲ್ಲಿ ಕಾಣದ ಒಂದು ಸತ್ಯವಿದೆ. ಹಿಂದೆ ನಮ್ಮ ಸೀಮೆಯ ಹಾದಿಗಳಲ್ಲಿ ನಡೆಯುತ್ತಿದ್ದುದು ಎತ್ತಿನ ಚಕ್ಕಡಿ. ಎತ್ತು ದಣಿಯುವದು, ಬಾಯಾರುವದು. ಆದಕಾರಣ ಹಾದಿಯಲ್ಲಿ ಮರವಿರಬೇಕು, ಮರದ ಬುಡಕ್ಕೆ ಕಟ್ಟೆಯಿರಬೇಕು, ಬಾವಿಯ ಮಗ್ಗುಲಲ್ಲಿ ದನಗಳಿಗೆ ನೀರಿನ ದೋಣಿಯಿರಬೇಕು. ಎತ್ತಿನ ನೆವದಿಂದ ಮನುಷ್ಯನಿಗೂ ವಿಶ್ರಾಂತಿಯು ದೊರೆಯುತ್ತಿತ್ತು. ಬಸ್ಸು ಬಂತು, ಅದು ನಿಲ್ಲುವದು ನಿಲ್ದಾಣದಲ್ಲಿ, ನೆರಳಿದ್ದಲ್ಲಿ ಅಲ್ಲ. ಕಾರು ಬಂತು, ಅದರೊಳಗೆ ತಂಗಾಳಿಯನ್ನು ತುಂಬಿ ಗಾಜು ಏರಿಸಿಕೊಂಡವನಿಗೆ ಹೊರಗೆ ಚೈತ್ರವೋ ವೈಶಾಖವೋ ಎಂಬುದೇ ತಿಳಿಯದು. ಎತ್ತಿನ ಹಾಗೆ ಬಿಸಿಲನ್ನು ಬೆನ್ನ ಮೇಲೆ ಹೊತ್ತು, ಎತ್ತಿನ ಹಾಗೆ ನೆರಳನ್ನು ಹುಡುಕುತ್ತ ಹೋಗುವವನು ಇಂದು ಫಟಫಟಿಯ ಸವಾರನೊಬ್ಬನೇ. ಯಂತ್ರಯುಗದ ವಾಹನವೆಂದು ನಾವು ತಿಳಿದಿರುವ ಇದು ಗುಣದಿಂದ ಚಕ್ಕಡಿಯ ಮೊಮ್ಮಗನು.

ಇನ್ನು ಬಿಸಿಲಿನ ಸವಾರಿಯ ಕ್ರಮವನ್ನು ಹೇಳುವೆನು. ಇದರಲ್ಲಿ ಕೆಲವನ್ನು ನಾನು ಓದಿ ತಿಳಿದೆನು, ಹೆಚ್ಚಿನದನ್ನು ನಮ್ಮ ಮನೆಯವರಿಂದ ಕಲಿತೆನು. ಗಾಡಿ ಓಡುವಾಗ ಮುಖಕ್ಕೆ ಗಾಳಿ ಬಡಿಯುವದರಿಂದ ತಂಪಾಗುತ್ತದೆಂದು ಎಲ್ಲರೂ ಎಣಿಸುವರು. ಬೆಳಗಿನಲ್ಲಿ ಅದು ನಿಜವು. ಆದರೆ ನಮ್ಮ ಚರ್ಮದ ಉಷ್ಣತೆಯು ಸುಮಾರು ೩೫ ಅಂಶ. ಹೊರಗಿನ ಗಾಳಿಯು ೪೦ರ ಹತ್ತಿರಕ್ಕೆ ಏರಿದಾಗ ಆ ಗಾಳಿಯು ತಂಪನ್ನು ತರುವದಿಲ್ಲ, ಕುಲುಮೆಯ ತಿದಿಯಂತೆ ಶಾಖವನ್ನೇ ತಂದು ಮೈಗೆ ಒತ್ತುವದು. ಆಗ ನಮ್ಮನ್ನು ಕಾಯುವದು ಬೆವರು ಒಂದೇ. ಅದಾದರೂ ಹುಟ್ಟಿದ ಕ್ಷಣದಲ್ಲಿಯೇ ಗಾಳಿಗೆ ಆರಿಹೋಗುವದರಿಂದ ಸವಾರನಿಗೆ ತಾನು ಬೆವರುತ್ತಿರುವೆನೆಂಬ ಅರಿವೇ ಇರದು. ಮೈಯೊಳಗಿನ ನೀರು ತಾಸುಗಟ್ಟಲೆ ಸದ್ದಿಲ್ಲದೆ ಹೋಗುವದು. ತಲೆ ನೋಯಹತ್ತಿದಾಗಲೇ ಎಚ್ಚರ. ಆದಕಾರಣ ಬಾಯಾರಿಕೆಗೆ ಕಾಯದೆ ಕುಡಿಯಬೇಕು. ಬಿಸಿಲೆಂದು ಅಂಗಿಯ ತೋಳು ಮಡಿಚಿ ಗಾಡಿ ಓಡಿಸುವ ತರುಣರನ್ನು ಕಂಡರೆ ನನಗೆ ಮರುಕವಾಗುವದು. ತುಂಬುತೋಳಿನ ಸಡಿಲಾದ ನೂಲಿನ ಅಂಗಿಯು, ಅದೂ ಬಿಳಿಯದು, ತೆರೆದ ಮೈಗಿಂತ ಎಷ್ಟೋ ತಂಪು. ಕೊರಳಿಗೆ ಒದ್ದೆ ವಲ್ಲಿಯೊಂದನ್ನು ಸುತ್ತಿಕೊಂಡರೆ ಮೂರು ಹರದಾರಿಯಾದರೂ ಅದು ನಮ್ಮನ್ನು ಕಾಯುವದು. ಅದರ ತುದಿಗಳನ್ನು ಮಾತ್ರ ಅಂಗಿಯೊಳಗೆ ಸೇರಿಸಬೇಕು. ಗಾಲಿಗೆ ಸಿಕ್ಕ ವಲ್ಲಿಯು ಯಮಪಾಶವಾದ ಕಥೆಗಳು ಪ್ರತಿ ಊರಿನಲ್ಲಿಯೂ ಉಂಟು. ಶಿರಸ್ತ್ರಾಣವನ್ನಂತೂ ಬಿಡುವಂತಿಲ್ಲ. ನಮ್ಮ ರಾಜ್ಯದಲ್ಲಿ ೨೦೧೬ರಿಂದ ಹಿಂದೆ ಕುಳಿತವರಿಗೂ ಅದು ಕಡ್ಡಾಯವಾಗಿದೆ. ನಮ್ಮ ಮನೆಯವರು ಮೊದಮೊದಲು, "ತಲೀ ಮ್ಯಾಲೆ ಗಡಗಿ ಹೊತ್ತಂಗ ಆಗ್ತೈತಿ" ಎಂದು ಗೊಣಗಿದರು. ತಿಳಿಬಣ್ಣದ ಹೆಲ್ಮೆಟ್ಟು ತಂದು, ಒಳಗೆ ತೆಳ್ಳಗಿನ ನೂಲಿನ ಅರಿವೆ ಕಟ್ಟಿಕೊಳ್ಳುವ ರೂಢಿಯಾದ ಮೇಲೆ ಗೊಣಗುವದನ್ನು ಬಿಟ್ಟರು. ಕಪ್ಪು ಆಸನವು ಕಾದ ಹಂಚಿನಂತಾಗುವದರಿಂದ ಅದಕ್ಕೊಂದು ಬಿಳಿಯ ಗವಸನ್ನು ಹೊಲಿದವರೂ ಅವರೇ. ಟಾಯರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ ನೋಡಿಸಬೇಕು. ಪೆಟ್ರೋಲನ್ನು ಕಂಠದವರೆಗೆ ತುಂಬಿಸಲಾಗದು, ಕಾದರೆ ಉಬ್ಬುವದು. ಇಷ್ಟು ಸಾಕು, ಉಳಿದದ್ದನ್ನು ಮೇಸ್ತ್ರಿಯು ನೋಡಿಕೊಳ್ಳುವನು.

ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯ ಅಧ್ಯಾಯದಲ್ಲಿ ಗ್ರೀಷ್ಮಕ್ಕೆ ಲಘುವಾದ, ಮಧುರವಾದ, ತಂಪಾದ ದ್ರವಾಹಾರವನ್ನು ವಿಧಿಸಿ, ವ್ಯಾಯಾಮವನ್ನೂ ಬಿಸಿಲನ್ನೂ ನಿಷೇಧಿಸಿದ್ದಾನೆ. ಹಗಲುನಿದ್ರೆಯನ್ನು ಬೇರೆ ಋತುಗಳಲ್ಲಿ ಒಪ್ಪದ ಆ ಕಠಿಣ ವೈದ್ಯನು ಗ್ರೀಷ್ಮದಲ್ಲಿ ಮಾತ್ರ ಒಪ್ಪುವನು. ಮಧ್ಯಾಹ್ನ ಗಿಡದ ಕೆಳಗೆ ವಲ್ಲಿ ಹಾಸಿ ಮಲಗುವಾಗ ನನಗೆ ಈ ಶಾಸ್ತ್ರಾಧಾರವು ಬಹಳ ಸಮಾಧಾನವನ್ನು ಕೊಡುವದು. ಉಪ್ಪನ್ನು ಸಹ ಆತನು ಬೇಡವೆಂದಿದ್ದಾನೆ; ಅಲ್ಲಿ ಮಾತ್ರ ನಾನು ಅವನ ಮಾತನ್ನು ಸ್ವಲ್ಪ ಮೀರುವೆನು. ಬೆವರಿನೊಡನೆ ಉಪ್ಪೂ ಹೋಗಿರುವದರಿಂದ ಮಜ್ಜಿಗೆಗೆ ಒಂದು ಚಿಟಿಕೆ ಬೀಳುವದು. ರಕ್ತದೊತ್ತಡದ ಗುಳಿಗೆ ನುಂಗುವ ನನ್ನ ಸಮವಯಸ್ಕರು ಈ ಚಿಟಿಕೆಯನ್ನು ತಮ್ಮ ವೈದ್ಯರಲ್ಲಿ ಕೇಳಿಯೇ ಹಾಕಿಕೊಳ್ಳಲಿ.

ಬೆಳಗಿನ ಐದೂವರೆಗೆ ಮನೆ ಬಿಡುವೆವು. ಶಿರಹಟ್ಟಿಯ ಫಕೀರೇಶ್ವರರ ಮಠವನ್ನು ದಾಟುವಾಗ ಗಾಡಿಯ ಮೇಲಿಂದಲೇ ಕೈಮುಗಿದು, ಸ್ವಲ್ಪ ಬಳಸಾದರೂ ಮಾಗಡಿಯ ಕೆರೆಯ ಕಡೆಗೆ ತಿರುಗುವೆವು. ಇದು ನಮ್ಮ ಮೊದಲನೆಯ ತಂಗುದಾಣ. ಚಳಿಗಾಲದಲ್ಲಿ ಇಲ್ಲಿಗೆ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುವವು. ಹಗಲೆಲ್ಲ ನೀರಿನಲ್ಲಿದ್ದು ಹೊಲಗಳಿಗೆ ಮೇಯಲು ಹಾರಿಹೋಗುವವು. ೨೦೨೪ರಲ್ಲಿ ಈ ಕೆರೆಯು ರಾಮ್ಸಾರ್ ಒಪ್ಪಂದದ ಪಟ್ಟಿಯಲ್ಲಿ ಸೇರಿ ಜಗತ್ತಿನ ಹೆಸರಾದ ಜಲಸ್ಥಾನಗಳಲ್ಲಿ ಒಂದಾಯಿತು. ವೈಶಾಖಕ್ಕೆ ನಾವು ಹೋಗುವಷ್ಟರಲ್ಲಿ ಆ ಅತಿಥಿಗಳು ಉತ್ತರಕ್ಕೆ ಮರಳಿರುವರು, ನೀರು ಅಂಚುಬಿಟ್ಟು ಒಳಗೆ ಸರಿದಿರುವದು. ಆದರೂ ಸೂರ್ಯನು ಏರುವ ಮೊದಲು ಆ ನೀರಿನ ಮೇಲಿಂದ ಬರುವ ಗಾಳಿಯಲ್ಲಿ ಕುಳಿತು ಬುತ್ತಿಯ ಗಂಟು ಬಿಚ್ಚುವ ಸುಖಕ್ಕೆ ಸಮವಾದದ್ದಿಲ್ಲ. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಸಾವಿರಾರು ಹರದಾರಿ ಹಾರುವ ಹಕ್ಕಿಗಳೇ ನಡುನಡುವೆ ಇಳಿದು ವಿಶ್ರಮಿಸುವಾಗ ಬೆಳ್ಳಟ್ಟಿಯ ಮಾಸ್ತರನು ಇಳಿಯುವದರಲ್ಲಿ ಏನು ಕುಂದು?

ಎರಡನೆಯ ತಂಗುದಾಣವೇ ಈ ಲೇಖನಕ್ಕೆ ಕಾರಣವಾದದ್ದು. ನಮ್ಮ ಹಾದಿಯ ಒಂದು ಭಾಗದಲ್ಲಿ ಇಕ್ಕೆಲಗಳಲ್ಲಿಯೂ ಹಳೆಯ ಹುಣಸೆಮರಗಳ ಸಾಲಿತ್ತು. ಅವುಗಳಲ್ಲಿ ಒಂದರ ಬುಡದಲ್ಲಿ ನಾವು ಇಪ್ಪತ್ತು ವರ್ಷ ಕುಳಿತೆವು. ಅಲ್ಲಿ ನಮ್ಮ ಜೊತೆಗೆ ಕುರಿಕಾಯುವವರು, ಕಲ್ಲಂಗಡಿ ಮಾರುವವರು, ಲಾರಿಯ ಡ್ರೈವರರು, ಕೂಲಿಗೆ ಹೊರಟ ಹೆಣ್ಣುಮಕ್ಕಳು ಎಲ್ಲರೂ ಕೂಡುತ್ತಿದ್ದರು. ಕಾಳಿದಾಸನು ಋತುಸಂಹಾರವನ್ನು ಗ್ರೀಷ್ಮದಿಂದಲೇ ಆರಂಭಿಸಿ, ಬಿಸಿಲಿನ ತಾಪದಲ್ಲಿ ಹಾವು ನವಿಲಿನ ನೆರಳಿನಲ್ಲಿಯೂ, ಕಪ್ಪೆ ಹಾವಿನ ಹೆಡೆಯ ನೆರಳಿನಲ್ಲಿಯೂ ವೈರ ಮರೆತು ಕುಳಿತುದನ್ನು ವರ್ಣಿಸಿದ್ದಾನೆ. ಹುಡುಗರಿಗೆ ಅದನ್ನು ಪಾಠ ಹೇಳುವಾಗ ಕವಿಯ ಅತಿಶಯೋಕ್ತಿಯೆಂದು ಹೇಳುತ್ತಿದ್ದೆನು. ಊರಿನಲ್ಲಿ ಒಬ್ಬರ ಓಣಿಯನ್ನು ಒಬ್ಬರು ತುಳಿಯದವರು ಆ ಹುಣಸೆಯ ಬುಡದಲ್ಲಿ ಒಂದೇ ತಂಬಿಗೆಯ ನೀರನ್ನು ಹಂಚಿಕೊಳ್ಳುವದನ್ನು ಕಂಡ ಮೇಲೆ ಆ ಶಬ್ದವನ್ನು ಬಿಟ್ಟುಕೊಟ್ಟೆನು. ನಾವು ಏಳಹೊರಟರೆ ಅಲ್ಲಿಯ ಮುದುಕನೊಬ್ಬನು, "ಕುಂದರ್ರಿ ಮಾಸ್ತರ, ಬಿಸಲು ಇಳೀಲಿ. ಲಕ್ಕುಂಡಿ ಏನ್ ಓಡಿ ಹೋಕ್ಕೈತೇನು?" ಎಂದು ಮತ್ತೆ ಕೂಡ್ರಿಸುತ್ತಿದ್ದನು.

ರಸ್ತೆಯನ್ನು ಅಗಲಿಸುವ ಕಾಲಕ್ಕೆ ಆ ಮರಗಳು ಹೋದವು. ಅಗಲವಾದ ರಸ್ತೆ ಬೇಡವೆನ್ನುವವನು ನಾನಲ್ಲ; ಎದುರಿನಿಂದ ಲಾರಿ ಬಂದಾಗ ಅಂಚಿಗಿಳಿದು ನಿಲ್ಲುವ ಕಷ್ಟವನ್ನು ಬಲ್ಲೆನು. ಆದರೆ ಮರ ಹೋದಲ್ಲಿ ಮರಳಿ ಬಂದದ್ದು ಪತ್ರಾಸಿನ ಛಾವಣಿಯ ಒಂದು ತಂಗುಮನೆ. ಪತ್ರಾಸು ಬಿಸಿಲನ್ನು ತಡೆಯುವದು, ಶಾಖವನ್ನು ತಡೆಯದು. ಮಧ್ಯಾಹ್ನದಲ್ಲಿ ಅದರ ಕೆಳಗೆ ನಿಲ್ಲುವದೂ ರೊಟ್ಟಿಯ ಹಂಚಿನ ಕೆಳಗೆ ನಿಲ್ಲುವದೂ ಒಂದೇ. ಮರವಾದರೆ ಎಲೆಗಳಿಂದ ನೀರನ್ನು ಆವಿಯಾಗಿ ಬಿಡುತ್ತ ತನ್ನ ಕೆಳಗಿನ ಗಾಳಿಯನ್ನೇ ತಣಿಸುವದು. ರಸ್ತೆಯ ನಕ್ಷೆಯನ್ನು ಬರೆಯುವವರು ಗಾಜು ಏರಿಸಿದ ಕಾರಿನಲ್ಲಿ ಹೋಗುವರು. ರಸ್ತೆಯನ್ನು ಉಪಯೋಗಿಸುವವರಲ್ಲಿ ಎಷ್ಟೋ ಜನರು ಎರಡು ಗಾಲಿಗಳ ಮೇಲೆಯೂ ಎರಡು ಕಾಲುಗಳ ಮೇಲೆಯೂ ಹೋಗುವರು. ನನ್ನ ದೂರು ಇಷ್ಟೇ.

ಈ ದೂರು ಬರಿಯ ವೃದ್ಧನ ಹಳಹಳಿಕೆಯೆಂದು ತೋರದಿರಲೆಂದು ಕಳೆದ ವರ್ಷದ ಒಂದು ಸಂಗತಿಯನ್ನು ಹೇಳುವೆನು. ಗದಗ ಬೆಟಗೇರಿಯಲ್ಲಿ ಸೀರೆಯ ಕೆಲಸವಿತ್ತು. ಅದು ಮುಗಿಯುವಷ್ಟರಲ್ಲಿ ಹನ್ನೊಂದಾಯಿತು. ಅಲ್ಲಿಂದ ಲಕ್ಕುಂಡಿಗೆ ಹನ್ನೆರಡು ಕಿಲೋಮೀಟರಿನಷ್ಟು ದಾರಿ. ಊರು ಬಿಟ್ಟು ಸ್ವಲ್ಪ ದೂರ ಹೋದಾಗ ನಮ್ಮ ಮನೆಯವರು ಬೆನ್ನು ತಟ್ಟಿ, "ರೀ, ನಿಂದರಸ್ರಿ, ಅಲ್ಲಿ ಯಾರೋ ಬಿದ್ದಾರ" ಎಂದರು. ರಸ್ತೆಯ ಹೆಸರುಹಲಗೆಯ ಒಂದು ಗೇಣಿನ ನೆರಳಿನಲ್ಲಿ ತರುಣನೊಬ್ಬನು ತಲೆ ಹಿಡಿದು ಕುಳಿತಿದ್ದನು. ಮಗ್ಗುಲಲ್ಲಿ ಸಾಮಾನಿನ ದೊಡ್ಡ ಚೀಲವನ್ನು ಹೊತ್ತ ಅವನ ಗಾಡಿ. ಹತ್ತಿರ ಹೋಗಿ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಮನೆಮನೆಗೆ ಗಂಟುಗಳನ್ನು ಮುಟ್ಟಿಸುವ ಕೆಲಸ, ಬೆಳಗಿನಿಂದ ನಿಂತಿಲ್ಲ. "ಸರ್, ತಲಿ ತಿರಗಾಕತ್ತೈತಿ, ವಾಂತಿ ಬಂದಂಗ ಆಗ್ತೈತಿ" ಎಂದನು. ಮೈ ಬೆವತಿತ್ತು, ಮಾತು ಸ್ಪಷ್ಟವಾಗಿತ್ತು; ಅದೇ ನಮ್ಮ ಪುಣ್ಯ. ಬೆವರು ನಿಂತು ಮೈ ಕಾದು ಮಾತು ತೊದಲಹತ್ತಿದರೆ ಅದು ಬಿಸಿಲಿನ ಹೊಡೆತವು; ಆಗ ಮೈಮೇಲೆ ನೀರು ಸುರಿಯುತ್ತ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಎಚ್ಚರ ತಪ್ಪಿದವನ ಬಾಯಿಗೆ ಏನನ್ನೂ ಹಾಕಬಾರದು.

ಅವನನ್ನು ನೆರಳಿಗೆ ಒಯ್ಯಬೇಕಾಗಿತ್ತು. ನೆರಳೆಲ್ಲಿ? ಹಿಂದಕ್ಕೂ ಮುಂದಕ್ಕೂ ಕಣ್ಣು ಹಾಯುವವರೆಗೆ ರಸ್ತೆಯು ಬೋಳಾಗಿ ಹೊಳೆಯುತ್ತಿತ್ತು. ಕೊನೆಗೆ ಹೊಲವೊಂದರಲ್ಲಿ ಒಂದು ಬೇವಿನಮರ ಕಂಡಿತು. ಇಬ್ಬರೂ ಎರಡು ಕಡೆ ಹಿಡಿದು ಅಲ್ಲಿಯವರೆಗೆ ನಡೆಸಿದೆವು. ಹೊಲದ ಯಜಮಾನರು ಓಡಿಬಂದು ಕೊಡ ನೀರು ಕೊಟ್ಟರು. ಅಂಗಿಯ ಗುಂಡಿ ಬಿಚ್ಚಿ, ವಲ್ಲಿಯನ್ನು ತೊಯಿಸಿ ಕೊರಳಿಗೂ ಕಂಕುಳಿಗೂ ಇಟ್ಟು, ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ತಾಸಿಗೆ ಮುಖಕ್ಕೆ ಬಣ್ಣ ಬಂತು. ಅಷ್ಟರಲ್ಲಿ ಅವನ ಕಿಸೆಯಲ್ಲಿಯ ದೂರವಾಣಿಯು ಮೂರು ಸಾರಿ ಕೂಗಿತ್ತು: ಗಂಟುಗಳು ಎಲ್ಲಿಯವರೆಗೆ ಬಂದವು? ನಮ್ಮ ಮನೆಯವರು ಅದನ್ನು ಕಸಿದುಕೊಂಡು ತಮ್ಮ ಚೀಲದಲ್ಲಿಟ್ಟು, "ನಾಲ್ಕು ಹೊಡೀಯೂತನಕ ಇದು ನನ್ನ ಹತ್ರ ಇರತೈತಿ, ಮಲಕ್ಕೋ ತಮ್ಮಾ" ಎಂದರು. ನಾವು ವಿನೋದಕ್ಕಾಗಿ ನಿಲ್ಲುವವರು, ನಿಲ್ಲಬಲ್ಲವರು. ನಿಂತರೆ ಕೂಲಿ ಕಡಿಮೆಯಾಗುವವನಿಗೆ ಹಾದಿಯ ಮರವು ವಿನೋದವಲ್ಲ, ಜೀವರಕ್ಷಣೆ. ಹುಣಸೆಯ ಸಾಲಿನ ಬೆಲೆಯು ನನಗೆ ಪೂರ್ಣವಾಗಿ ತಿಳಿದದ್ದು ಆ ಬೇವಿನ ಕೆಳಗೆ.

ಆ ದಿವಸ ಲಕ್ಕುಂಡಿಯನ್ನು ಮುಟ್ಟಿದಾಗ ಸಂಜೆ. ಅಕ್ಕನವರ ಬೈಗುಳವನ್ನು ತಿಂದು, ಸೀಕರಣೆಯನ್ನೂ ತಿಂದು, ಮರುದಿನ ಬೆಳಿಗ್ಗೆ ವಾಡಿಕೆಯಂತೆ ಮಾಣಿಕೇಶ್ವರನ ಗುಡಿಯ ಮುಸುಕಿನ ಬಾವಿಗೆ ಹೋದೆನು. ದಾನಚಿಂತಾಮಣಿ ಅತ್ತಿಮಬ್ಬೆಯು ೧೦೦೭ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ ಕಾಶಿವಿಶ್ವೇಶ್ವರನ ಗುಡಿಯನ್ನೂ ನೋಡಲು ದೂರದವರು ಬರುವರು. ನಮ್ಮಂಥವರಿಗೆ ಬೇಸಗೆಯಲ್ಲಿ ಮೊದಲು ನೆನಪಾಗುವದು ಈ ಬಾವಿಯೇ. ಒಂದೊಂದು ಮೆಟ್ಟಿಲು ಇಳಿದ ಹಾಗೆ ಮೇಲಿನ ಧಗೆಯು ಮೇಲೆಯೇ ಉಳಿಯುವದು, ಕಲ್ಲಿನ ತಂಪು ಅಂಗಾಲಿನಿಂದ ಏರುವದು. ಗೋಡೆಗಳಲ್ಲಿ ಚಿಕ್ಕ ಚಿಕ್ಕ ದೇವಗೂಡುಗಳು. ನೀರು ತುಂಬಲು ಬಂದವರು ಒಂದು ಗಳಿಗೆ ಕುಳಿತುಹೋಗಲಿ ಎಂಬ ಎಣಿಕೆಯಿಲ್ಲದೆ ಇಷ್ಟು ಅಗಲದ ಮೆಟ್ಟಿಲುಗಳನ್ನು ಯಾರೂ ಕಟ್ಟರು ಎಂದು ನನ್ನ ಊಹೆ.

ಹಾದಿಹೋಕನಿಗೆ ನೆರಳು ನೀರುಗಳನ್ನು ಒದಗಿಸುವದು ಅರಸನ ಕರ್ತವ್ಯವೆಂದು ನಮ್ಮ ದೇಶವು ಎಂದೋ ಒಪ್ಪಿತ್ತು. ನಮ್ಮ ನೆರೆಯ ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಅದೇ ಚಕ್ರವರ್ತಿಯು, ಈಗ ದಿಲ್ಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ, ಹಾದಿಗಳಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ನೀರಿನ ಮನೆಗಳನ್ನು ಕಟ್ಟಿಸಿದುದನ್ನು ಹೇಳಿಕೊಂಡಿದ್ದಾನೆ. ಇಂಥ ನೀರಿನ ಮನೆಗೆ ಸಂಸ್ಕೃತದಲ್ಲಿ ಪ್ರಪೆಯೆಂದು ಹೆಸರು. ಕನ್ನಡದ ಹೆಸರು ನನಗೆ ಇನ್ನೂ ಇಂಪಾದದ್ದು: ಅರವಟ್ಟಿಗೆ. ಹಳಗನ್ನಡದಲ್ಲಿ 'ಅಱ' ಎಂದರೆ ಧರ್ಮ. ಕನ್ನಡನಾಡಿನ ಹಳೆಯ ಶಾಸನಗಳಲ್ಲಿ ಅರವಟ್ಟಿಗೆಗೆಂದು ದತ್ತಿಬಿಟ್ಟ ಉಲ್ಲೇಖಗಳುಂಟು. ಅರಸರು ಹೋದರೂ ಆ ಧರ್ಮವು ಸಾಮಾನ್ಯರ ಕೈಯಲ್ಲಿ ಉಳಿಯಿತು. ಹುಲಿಕಲ್ಲಿನಿಂದ ಕುದೂರಿನ ಹಾದಿಯಲ್ಲಿ ಸಾಲುಮರದ ತಿಮ್ಮಕ್ಕನವರು ಪತಿಯೊಡಗೂಡಿ ಕೊಡದಲ್ಲಿ ನೀರು ಹೊತ್ತು ೩೮೫ ಆಲದ ಮರಗಳನ್ನು ಸಾಕಿದ ಸಂಗತಿಯನ್ನು ಅರಿಯದವರಿಲ್ಲ.

ನಾವು ಅಷ್ಟು ದೊಡ್ಡವರಲ್ಲ. ನಮ್ಮ ಓಣಿಯ ನಾಲ್ಕು ಮನೆಗಳವರು ಕೂಡಿ ಊರ ಹೊರಗಿನ ಬೇವಿನ ಬುಡದಲ್ಲಿ ಯುಗಾದಿಯಿಂದ ರೋಹಿಣಿಯ ಮಳೆಯವರೆಗೆ ಹರವಿಗಳನ್ನು ಇಡಹತ್ತಿದೆವು. ಕೆಲಸವು ತೋರುವಷ್ಟು ಸುಲಭವಲ್ಲ. ಹರವಿಯ ಕೆಳಗೆ ಉಸುಕು ಹಾಸಿ ಅದನ್ನು ಹಸಿಯಾಗಿಡಬೇಕು. ಬಾಯಿಗೆ ಮುಚ್ಚಳವಿರಬೇಕು; ಕೈ ಅದ್ದದಂತೆ ಉದ್ದ ಹಿಡಿಕೆಯ ಸವಟನ್ನು ಸರಪಳಿಯಿಂದ ಕಟ್ಟಬೇಕು, ಇಲ್ಲವಾದರೆ ಅದೂ ಪ್ರವಾಸಕ್ಕೆ ಹೊರಟುಬಿಡುವದು. ಬೆಳಿಗ್ಗೆ ಎಂಟರೊಳಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ತುಂಬಿಸಬೇಕು. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಒಸರಿ ಆರುವದರಿಂದಲೇ ಒಳಗಿನದು ತಂಪಾಗುವದು. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಇದು ಸಮುದ್ರತೀರದಲ್ಲಿಗಿಂತ ಚೆನ್ನಾಗಿ ನಡೆಯುವದು. ಎರಡು ಮೂರು ಬೇಸಗೆ ಕಳೆದರೆ ರಂಧ್ರಗಳು ಕಟ್ಟಿಕೊಂಡು ಹರವಿಯು ಸೋಮಾರಿಯಾಗುವದು; ಆಗ ಅದನ್ನು ಕಾಳು ತುಂಬಲು ಇಟ್ಟುಕೊಂಡು ಹೊಸದನ್ನು ತರಬೇಕು. ಫಟಫಟಿಯವರು ನಿಲ್ಲುವರು, ಕುಡಿಯುವರು, ವಲ್ಲಿ ತೊಯಿಸಿಕೊಳ್ಳುವರು. ಕೆಲವರು ಹೆಸರು ಕೇಳುವರು. ಹೆಚ್ಚಿನವರು ಕೇಳುವದಿಲ್ಲ, ಅದೇ ಚೆನ್ನು.

ಹುಣಸೆಯ ಸಾಲಿದ್ದಲ್ಲಿ ಸಸಿ ನೆಡಲು ಈಗ ರಸ್ತೆಯ ಅಂಚಿನಲ್ಲಿ ಇಂಬಿಲ್ಲ. ಅಂಚಿನ ಆಚೆಗಿನದು ರೈತರ ಹೊಲ. ಬದುವಿನಲ್ಲಿ ಬೇವು ಹಚ್ಚಲು ಇಬ್ಬರು ರೈತರು ಒಪ್ಪಿರುವರು. ಬೆಳೆಗೆ ನೆರಳು ಬೀಳುವದೆಂದು ಉಳಿದವರು ಒಲ್ಲೆನ್ನುವರು. ಅವರ ಮಾತಿನಲ್ಲಿಯೂ ನ್ಯಾಯವುಂಟು. ಮೊದಲನೆಯ ಮಳೆಗೆ ಇಬ್ಬರ ಬದುವಿನಲ್ಲಿಯಾದರೂ ಗುಂಡಿ ತೋಡಬೇಕು.

ಈ ವೈಶಾಖದ ಪ್ರಯಾಣವು ಬರುವ ವಾರ. ಅಕ್ಕನವರು ಈಗಲೇ ಎರಡು ಸಾರಿ ಹೇಳಿಕಳಿಸಿರುವರು. ನನ್ನ ಶಿಷ್ಯನು ಮೊನ್ನೆ ಬಂದಿದ್ದನು. ಅವನು ಅದೇ ಕೆಲಸದಲ್ಲಿರುವನು, ಆದರೆ ಮಧ್ಯಾಹ್ನ ಆ ಹೊಲದ ಬೇವಿನ ಕೆಳಗೆ ತಪ್ಪದೆ ನಿಲ್ಲುವನಂತೆ, ಅವನೊಡನೆ ಅದೇ ಕಸುಬಿನ ಇನ್ನೂ ಮೂವರು ನಿಲ್ಲುವರಂತೆ. ಯಜಮಾನರು ಅವರಿಗಾಗಿ ಒಂದು ಹರವಿ ಇಟ್ಟಿದ್ದರು. ಅದನ್ನು ಆಡು ಉರುಳಿಸಿ ಒಡೆಯಿತಂತೆ. ನಮ್ಮ ಮನೆಯವರು ನಿನ್ನೆಯೇ ಕುಂಬಾರರ ಮನೆಗೆ ಹೋಗಿ, ಬೆರಳಿನಿಂದ ಬಡಿದು ನೋಡಿ, ಒಂದು ಹೊಸ ಹರವಿಯನ್ನು ತಂದಿರುವರು. ಗಾಡಿಯ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಹುಲ್ಲು ಸುತ್ತಿ ಅದನ್ನು ಹೇಗೆ ಕಟ್ಟುವದೆಂಬ ಚರ್ಚೆಯು ನಡೆದಿದೆ. ಹಗ್ಗವು ಎರಡು ಮೊಳ ಕಡಿಮೆ ಬಿದ್ದಿದೆ.